ಖಾನಾಪುರದ ಕುಂಡ, ಮಂಗಳೂರಿನ ಬಿಗೋನಿಯ

ಠಣ್, ಠಣ್, ದಬ್.

ಬೆಳಗಾವಿಯ ಮೊದಲ ವರ್ಷವನ್ನು ನೆನೆದರೆ ಮೊದಲು ಕಿವಿಗೆ ಬರುವುದು ಈ ಸದ್ದು. ಗುರುತಿಲ್ಲದ ಹೆಂಗಸೊಬ್ಬಳು ಕುಡಿಯಲು ನೀರು ಕೇಳಿಕೊಂಡು ನಮ್ಮ ಲಿವಿಂಗ್ ರೂಮಿಗೆ ಬಂದವಳು, ಕಿಟಕಿಯ ಕೆಳಗಿದ್ದ ಮೂರು ಹೂಕುಂಡಗಳನ್ನು ಬೆರಳ ಗೆಣ್ಣಿನಿಂದ ಬಾಗಿಲು ಬಡಿದಂತೆ ಬಡಿದಳು. ಮೂರನೆಯದರ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೇಳಿದಳು: "ಇದು ಮುಳುಗಾಕತ್ತೈತ್ರಿ, ಬಾಯಾರ."

ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಇಲ್ಲಿ ಬಾಯಾರು ಅನ್ನುತ್ತಾರೆ. ಅವಳ ಊಹೆ ಸರಿ, ಮೂವತ್ತು ವರ್ಷ ಕಾನ್ವೆಂಟಿನ ಹುಡುಗಿಯರಿಗೆ ಬಾಟನಿ ಕಲಿಸಿದವಳು ನಾನು. ನನ್ನ ಗಿಡಕ್ಕೆ ಡಯಾಗ್ನೋಸಿಸ್ ಹೇಳಲು ಇವಳು ಯಾರು ಅನ್ನಿಸಿತು.

ಅವಳು ಜೈನಾಬಿ, ಖಾನಾಪುರದ ಕಡೆಯ ಗುಂಜಿ ಎಂಬ ಹಳ್ಳಿಯವಳು. ಪ್ರತಿ ಬುಧವಾರ ನಮ್ಮ ಬಡಾವಣೆ ರಾಮತೀರ್ಥ ನಗರದಲ್ಲಿ ಕೈಗಾಡಿ ತಳ್ಳಿಕೊಂಡು ಖಾನಾಪುರದ ಮಣ್ಣಿನ ಕುಂಡ ಮಾರುತ್ತಿದ್ದಳು. ನಮ್ಮ ಮೂರು ಕುಂಡಗಳೂ ತಂಗಿ ಐರಿನ್ ಅವಳಿಂದಲೇ ಕೊಂಡವು. ಎರಡರಲ್ಲಿ ಐರಿನ್‌ಳ ಮನಿ ಪ್ಲಾಂಟ್. ಮೂರನೆಯದರಲ್ಲಿ ನನ್ನ ಬಿಗೋನಿಯ.

ಮಂಗಳೂರಿನ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ನೆಟ್ಟ ಗಿಡ ಅದು. ಮನೆ ಮಾರಿದೆವು. ಕೊಂಡವರು ಜಗಲಿ ಕೆಡವಿ, ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಸಿದರು. ಐರಿನ್‌ಳ ಜೊತೆ ಇರಲು ಬೆಳಗಾವಿಗೆ ಹೊರಡುವ ಮುನ್ನ ಐದು ಕಡ್ಡಿ ಮುರಿದು, ಒದ್ದೆ ಪೇಪರಿನಲ್ಲಿ ಸುತ್ತಿ, ಬಸ್ಸಿನಲ್ಲಿ ಇಡೀ ದಾರಿ ಮಡಿಲಲ್ಲಿಟ್ಟು ತಂದೆ. ಬದುಕಿದ್ದು ಒಂದು. ಅದು ಹೋದರೆ ಅಮ್ಮನ ಕೈಯದು ಎನ್ನಲು ನನ್ನ ಬಳಿ ಮತ್ತೇನೂ ಉಳಿಯುತ್ತಿರಲಿಲ್ಲ.

ನೀವು ಊರಿನವರು ಫೋನಿನಲ್ಲಿ ಕೇಳುತ್ತೀರಿ, ಹೊಸ ಊರು ಹೇಗಿದೆ ಎಂದು. ಅಲ್ಲಿ ಟವೆಲ್ ಒಣಗುವುದಿಲ್ಲ, ಇಲ್ಲಿ ಚಳಿಗಾಲದಲ್ಲಿ ತುಟಿ ಒಡೆಯುತ್ತದೆ. ಅಲ್ಲಿ ಕುಚ್ಚಲಕ್ಕಿ ಗಂಜಿ, ಇಲ್ಲಿ ನನ್ನ ಡೆಂಚರ್‌ಗೆ ಸವಾಲು ಹಾಕುವ ಖಡಕ್ ರೊಟ್ಟಿ. ಅಂಗಡಿಯವನು ಮರಾಠಿಯಲ್ಲಿ ಶುರುಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ಬರುತ್ತಾನೆ. ಆ ಕನ್ನಡವೂ ಮೊದಲಿಗೆ ನನಗೆ ಅರ್ಧವೇ ತಿಳಿಯುತ್ತಿತ್ತು. ಐರಿನ್ ಕ್ಲಿನಿಕ್ಕಿಗೆ ಹೋದ ಮೇಲೆ ಸಂಜೆಯವರೆಗೆ ಮಾತನಾಡಲು ಇದ್ದದ್ದು ಈ ಬಿಗೋನಿಯ ಮಾತ್ರ.

ಡಿಸೆಂಬರಿನಲ್ಲಿ ಅದು ಮೊದಲ ಸಲ ಮೊಗ್ಗು ಬಿಟ್ಟಿತು. ಗುಲಾಬಿ ಬಣ್ಣದ ಗೊಂಚಲು. ಆದರೆ ಎಲೆ ಹಳದಿಯಾಗತೊಡಗಿತು, ಮೊಗ್ಗು ಅರಳುವ ಮೊದಲೇ ಉದುರತೊಡಗಿತು. ಹಸಿವಾಗಿರಬೇಕೆಂದು ಟಾನಿಕ್ ಹಾಕಿದೆ. ನೀರನ್ನೂ ಹೆಚ್ಚಿಸಿದೆ.

"ಈ ಕುಂಡಕ್ಕ ಯಾಕ್ರಿ ಅಂಗಿ ತೊಡಿಸೀರಿ?" ಅಂದಳು ಜೈನಾಬಿ.

"ಅದು ಆಯಿಲ್ ಪೇಂಟ್, ಮಾರಾಯ್ತಿ. ನಮ್ಮಲ್ಲಿ ಎಲ್ಲರೂ ಬಳಿಯುತ್ತೇವೆ. ಇಲ್ಲದಿದ್ದರೆ ಮಳೆಗೆ ಪಾಚಿ ಹಿಡಿಯುತ್ತದೆ."

"ನಿಮ್ಮ ಮಳಿ ಇಲ್ಲೆ ಮನಿಯೊಳಗ ಬರತೈತೇನ್ರಿ? ಮಣ್ಣ ಸುಟ್ಟು ಮೈತುಂಬ ಮೂಗು ಇಟ್ಟು ಕೊಟ್ರ, ಎಲ್ಲಾ ಮುಚ್ಚಿಬಿಟ್ರಿ. ಹಾಕಿದ್ ನೀರು ಎಲ್ಲಿ ಹೋಗಬೇಕು?"

ಟಾನಿಕ್ ಹಾಕಿದ್ದನ್ನೂ ಮೆಲ್ಲಗೆ ಹೇಳಿದೆ.

"ಹೊಟ್ಟಿ ಕೆಟ್ಟಾವಗ ಹೋಳಿಗಿ ಉಣಿಸಿದಂಗಾತು," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಕುಂಡ ಒಡೀಬೇಕ್ರಿ. ಹೂವೂ ತೆಗೀಬೇಕು. ಬೇರು ಸೋತಾಗ ಹೂವಾ ಹೊರಾಕ ಆಗೂದಿಲ್ಲ."

"ಹೂವನ್ನಾ? ಅಮ್ಮ ನೆಟ್ಟ ಗಿಡದ್ದು, ಒಂದು ವರ್ಷ ಕಾದಿದ್ದೇನೆ."

"ಗಿಡಾ ಬೇಕೋ, ಹೂವಾ ಬೇಕೋ? ನೀವ ಹೇಳ್ರಿ."

ಕತ್ತರಿ ತಂದೆ. ಅವಳು ಕೈ ಚಾಚಲಿಲ್ಲ, ನಾನೇ ಕತ್ತರಿಸಲಿ ಎಂದು ಸುಮ್ಮನೆ ಕೂತಳು. ಕತ್ತರಿಸಿದೆ. ತಾನೇ ಮಾರಿದ ಕುಂಡವನ್ನು ತಾನೇ ಕಲ್ಲಿನಿಂದ ಒಡೆದು, ಕೊಳೆತು ನಾರುತ್ತಿದ್ದ ಬೇರು ಸವರಿ ತೆಗೆದು, ಗಾಡಿಯಿಂದ ಬಣ್ಣವಿಲ್ಲದ ಕುಂಡ ತಂದು ಕೂರಿಸಿದಳು.

"ಹೂವಾಗೂ ಹೊತ್ತಿನ್ಯಾಗ ತಳದ ಎಲಿ ಒಂದೆರಡು ಹಳದಿ ಆದ್ರ ಅಂಜಬ್ಯಾಡ್ರಿ, ಅದರ ವಯಸ್ಸಾತು, ನಮ್ಮಂಗ. ತುದಿ ನೋಡ್ರಿ. ತುದಿ ಎಲಿ ಮಾರಿ ಹೊಳೀತಿದ್ರ ಗಿಡಾ ಅರಾಮ್ ಐತಿ. ಹಸರ ಮೊಗ್ಗಿ ಉದುರಿದ್ರ ಮಾತ್ರ ಕಾಲ ಬುಡಕ ನೋಡಬೇಕು. ನೀರು ಹಾಕೂ ಮೊದಲ ಕೇಳ್ರಿ. ಠಣ್ ಅಂದ್ರ ಬಾಯಾರೈತಿ. ದಬ್ ಅಂದ್ರ ಸುಮ್ನ ಇರ್ರಿ."

ಆಸ್ಮೋಸಿಸ್‌ನ ಚಿತ್ರ ಬೋರ್ಡಿನ ಮೇಲೆ ಅಷ್ಟು ಚಂದ ಬರೆಯುತ್ತಿದ್ದ ನಾನು ಒಂದು ದಿನವೂ ಕುಂಡಕ್ಕೆ ಕಿವಿ ಕೊಟ್ಟಿರಲಿಲ್ಲ. ಜೈನಾಬಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ವಾಟ್ ಎ ಟೀಚರ್.

ಮೂರು ವಾರ ಗಿಡ ಬೋಳಾಗಿ ನಿಂತಿತ್ತು. ನಾಲ್ಕನೆಯ ಬುಧವಾರ ತುದಿಯಲ್ಲಿ ಕೆಂಪು ಚಿಗುರು. ಜೈನಾಬಿ ಬಗ್ಗಿ ನೋಡಿ, "ಬಂತ್ರಿ ನಿಮ್ಮವ್ವ," ಅಂದಳು. ಊರು ಬಿಟ್ಟ ಮೇಲೆ ಮೊದಲ ಸಲ ಅಂದು ನಾನು ಅತ್ತುಬಿಟ್ಟೆ.

ಆಮೇಲೆ ಪ್ರತಿ ಬುಧವಾರ ನನಗೆ ಪರೀಕ್ಷೆ. ನಾನು ಕಣ್ಣು ಮುಚ್ಚಿ ಕೂರಬೇಕು, ಅವಳು ಬಡಿಯಬೇಕು, ನಾನು ಹೇಳಬೇಕು. ತಪ್ಪಿದರೆ, "ಫೇಲ್ರಿ ಬಾಯಾರ, ಹಿಂದ ಹೋಗಿ ಕುಂದರ್ರಿ." ಮುಂದಿನ ಡಿಸೆಂಬರಿನಲ್ಲಿ ಗೊಂಚಲು ಕಿಟಕಿಯ ಸರಳು ಮುಟ್ಟಿತು. ಅಮ್ಮನ ಜಗಲಿಯಲ್ಲೂ ಅಷ್ಟು ಹೂ ನಾನು ಕಂಡಿರಲಿಲ್ಲ.

ಈಗ ಮಂಗಳೂರಿಗೆ ಹೋದರೆ ನೆಂಟರ ಜಗಲಿಯ ಬಣ್ಣ ಬಳಿದ ಹೂಚಟ್ಟಿಗಳನ್ನು ಬಡಿದು ನೋಡಿ ಬೈಸಿಕೊಳ್ಳುತ್ತೇನೆ. ಇಲ್ಲಿ ಮಳೆ ಶುರುವಾದರೆ, ಇದು ಮಳೆಯೇ ಅಲ್ಲ ಎಂದು ಐರಿನ್‌ಳ ತಲೆ ತಿನ್ನುತ್ತೇನೆ. ಎರಡೂ ಕಡೆ ಅರ್ಧ ಅತಿಥಿ.

ಕಳೆದ ವರ್ಷ ಜೈನಾಬಿಯ ಮಂಡಿ ಸೋತಿತು. ಮಗಳು ಗೋವಾಕ್ಕೆ ಕರೆದಳು. ಗೋವಾದ ರೈಲು ಹತ್ತಿಸಲು ನಾನು ಲೋಂಡಾ ಜಂಕ್ಷನ್‌ವರೆಗೆ ಜೊತೆಗೆ ಹೋದೆ. ಬಣ್ಣವಿಲ್ಲದ ಸಣ್ಣ ಕುಂಡದಲ್ಲಿ ಬಿಗೋನಿಯದ ಒಂದು ಕಡ್ಡಿ ಬೇರು ಬಿಡಿಸಿ ಒಯ್ದಿದ್ದೆ.

"ಅಲ್ಲೆ ನಿಮ್ಮೂರಿನಂಥದ ಮಳಿ ಅಂತ್ರಿ," ಅಂದಳು, ಕುಂಡವನ್ನು ಮಡಿಲಿಗೆ ಇಟ್ಟುಕೊಳ್ಳುತ್ತ. "ಪಾಚಿ ಹಿಡದ್ರ ಏನ್ ಮಾಡ್ಲಿ?"

"ಉಜ್ಜಿ ತೊಳಿ. ಪೇಂಟ್ ಮಾತ್ರ ಬಳಿಯಬೇಡ, ಮಾರಾಯ್ತಿ."

"ಪಾಸಾದ್ರಿ," ಅಂದಳು.

ಗಾಡಿ ಹೊರಟಿತು. ಕಿಟಕಿಯೊಳಗೆ ಅವಳು ತಲೆ ಬಗ್ಗಿಸಿ ಬೆರಳ ಗೆಣ್ಣಿನಿಂದ ಕುಂಡವನ್ನು ಒಮ್ಮೆ ಬಡಿದದ್ದು ಕಂಡಿತು. ಗಾಲಿಗಳ ಗದ್ದಲದಲ್ಲಿ ಸದ್ದು ನನಗೆ ಕೇಳಲಿಲ್ಲ. ಅವಳಿಗೆ ಕೇಳಿರಬೇಕು. ಸರಿ ಐತಿ ಎನ್ನುವಂತೆ ನನ್ನ ಕಡೆ ನೋಡಿ ತಲೆಯಾಡಿಸಿದಳು.