ಕಂಬಿಯ ಹಿಂದೆ ಬಸಂತರಾಯ

ತಾಂಬಾದ ಬಸಂತರಾಯನಿಗೆ ತನ್ನ ನಡಿಗೆಯ ಬಗ್ಗೆ ಎಷ್ಟು ಅಭಿಮಾನವೆಂದರೆ, ಉಳಿದವರು ಮಾಡುವುದನ್ನು ಅವನು ನಡಿಗೆಯೆಂದೇ ಒಪ್ಪುತ್ತಿರಲಿಲ್ಲ. ಸಿಂದಗಿ ಕಡೆ ಮೂವತ್ತೆರಡು ವರ್ಷ ಲೈನ್‌ಮನ್ ಆಗಿ ತಂತಿಯ ಕೆಳಗೆ ನಡೆದು ನಿವೃತ್ತನಾದ ಮನುಷ್ಯ. ದೂರವನ್ನು ಕಿಲೋಮೀಟರಿನಲ್ಲಿ ಹೇಳುವ ರೂಢಿ ಅವನಿಗಿರಲಿಲ್ಲ, ಲೈಟಿನ ಕಂಬಗಳಲ್ಲಿ ಹೇಳುತ್ತಿದ್ದ. ಯಾರಾದರೂ ಪರ ಊರಿನವರು ಬಸ್‌ಸ್ಟ್ಯಾಂಡ್ ಎಲ್ಲಿ ಎಂದು ಕೇಳಿದರೆ, "ನೆಟ್ಟಗ ಹದಿನಾರು ಕಂಬ, ಆಮ್ಯಾಲೆ ಎಡಕ್ಕ ಮೂರು" ಎಂದು ಹೇಳಿ, ಅವರು ತಲೆ ಮೇಲೆತ್ತಿ ಎಣಿಸುತ್ತ ಎಡವುವುದನ್ನು ನಿಂತು ನೋಡುತ್ತಿದ್ದ.

ನಿವೃತ್ತಿಯಾದ ಮೇಲೆ ಐದು ವರ್ಷ, ಪ್ರತಿ ಸಲ ಯುಗಾದಿಗೆ ಮುಂಚೆ, ಶ್ರೀಶೈಲಕ್ಕೆ ಒಬ್ಬನೇ ನಡೆದು ಹೋಗಿದ್ದ. ಊರಿನ ಉಳಿದ ಮೂವತ್ತು ನಲವತ್ತು ಜನ ಹೋಗುತ್ತಿದ್ದದ್ದು ಮಾಳಿಂಗಪ್ಪನ ಕಂಬಿಯ ಸಂಗಡ. ಕಂಬಿಯೆಂದರೆ ಬಣ್ಣದ ಬಟ್ಟೆ, ಗೆಜ್ಜೆ ಕಟ್ಟಿ, ಶ್ರೀಶೈಲದ ಮಲ್ಲಯ್ಯನ ಹೆಸರಿನಲ್ಲಿ ಹೆಗಲ ಮೇಲೆ ಹೊರುವ ಬಿದಿರಿನ ಕೋಲು. ಅದು ನೆಲ ಮುಟ್ಟುವಂತಿಲ್ಲ. ಹೆಗಲು ಬದಲಿಸುವುದಿದ್ದರೆ ಯಾವುದಾದರೂ ಗುಡಿಯ ಮುಂದೆಯೇ ಬದಲಿಸಬೇಕು. ಸಂಗಡ ಹೊರಟವರಲ್ಲಿ ಯಾರೂ ಅದರ ಮುಂದೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಬಸಂತರಾಯ ಒಬ್ಬನೇ ಹೋಗುತ್ತಿದ್ದುದಕ್ಕೆ ಈ ಕೊನೆಯ ಕಟ್ಟಳೆಯೇ ಕಾರಣ. ಮಾಳಿಂಗಪ್ಪನ ಹಿಂದೆ ನಡೆಯುವುದಕ್ಕಿಂತ ಮನೆಯಲ್ಲಿ ಮಲಗಿದರೆ ಬೇಗ ಶ್ರೀಶೈಲ ಮುಟ್ಟಬಹುದು ಎಂಬುದು ಅವನ ಮಾತು.

ಆದರೆ ಹೋದ ವರ್ಷ ಕಾಲುವೆಯ ಏರಿ ಇಳಿಯುವಾಗ ಕಾಲು ಹೊರಳಿ, ಮೊಬೈಲಿನ ಚಾರ್ಜೂ ತೀರಿ, ಎರಡು ದಿನ ಅವನ ಸುಳಿವೇ ಇರಲಿಲ್ಲ. ಆ ಎರಡು ದಿನವನ್ನು ಹೆಂಡತಿ ಸುನಂದಾ ಮರೆಯಲಿಲ್ಲ. ಈ ಸಲ ಅವಳೇ ಹೋಗಿ ಮಾಳಿಂಗಪ್ಪನ ಹತ್ತಿರ ಗಂಡನ ಹೆಸರು ಬರೆಸಿ ಬಂದಳು.

"ಕಂಬಿ ಸಂಗಾಟ ಹೋದ್ರ ಹೋಗ್ರಿ. ಇಲ್ಲಂದ್ರ ಮನ್ಯಾಗ ಕುಂತು ಫ್ಯಾನ್ ರಿಪೇರಿ ಮಾಡ್ರಿ," ಅಂದಳು.

ಫ್ಯಾನು ಎರಡು ವರ್ಷದಿಂದ ಕೆಟ್ಟಿತ್ತು. ಬಸಂತರಾಯ ಕಂಬಿಯ ಸಂಗಡ ಹೊರಟ.

ಅವನ ನಿಜವಾದ ಚಿಂತೆ ಬೇರೆ ಇತ್ತು. ತಾಳಿಕೋಟಿ ಹತ್ತಿರದ ಹಳ್ಳಿಯಲ್ಲಿ ಅವನ ಅಕ್ಕ ಸಿದ್ದವ್ವ ಇದ್ದಳು. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಪ್ರತಿ ವರ್ಷ ಎರಡನೇ ದಿನ ಹನ್ನೊಂದು ಗಂಟೆಯ ಒಳಗೆ ಅವನು ಅವಳ ಮನೆ ಮುಟ್ಟುತ್ತಿದ್ದ. ಶ್ರೀಶೈಲಕ್ಕೆ ಹೊರಟ ತಮ್ಮ ಉಣ್ಣದೆ ತಾನು ಉಣ್ಣುವುದಿಲ್ಲ ಎಂಬ ನೇಮವನ್ನು ಅವಳು ತಾನಾಗಿಯೇ ಹಾಕಿಕೊಂಡಿದ್ದಳು. ಈಗ ಅವಳಿಗೆ ಎಪ್ಪತ್ತೊಂದು, ಮೈಯಲ್ಲಿ ಸಕ್ಕರೆ ರೋಗ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆ ತಿರುಗಿ ಬೀಳುತ್ತೀರಿ ಎಂದು ಡಾಕ್ಟರು ಹೇಳಿದ್ದರು. ಹೋದ ತಿಂಗಳು ಒಂದು ಸಲ ಬಿದ್ದೂ ಇದ್ದಳು.

ಮೊದಲ ದಿನವೇ ಬಸಂತರಾಯ ಮಾನ ಕಳೆದುಕೊಂಡ. ಊರು ದಾಟಿ ಬಯಲು ಸಿಕ್ಕಿದ ಕೂಡಲೇ ಕಾಲುಗಳು ಹಳೆಯ ಚಾಳಿಗೆ ಬಿದ್ದವು. ಹಿಂದಿನಿಂದ ಕೂಗು ಕೇಳಿ ತಿರುಗಿ ನೋಡುವಷ್ಟರಲ್ಲಿ ಅವನು ಕಂಬಿಗಿಂತ ನಾಲ್ಕು ಕಂಬ ಮುಂದಿದ್ದ. ಗುಂಪಿಗೆ ಗುಂಪೇ ರಸ್ತೆಯಲ್ಲಿ ನಿಂತುಬಿಟ್ಟಿತ್ತು. ಅವನು ಅಷ್ಟೂ ದೂರ ತಿರುಗಿ ಬಂದು, ತಪ್ಪಾಯಿತೆಂದು ಕಂಬಿಗೆ ಕಾಯಿ ಒಡೆದು, ಎಲ್ಲರಿಗಿಂತ ಹಿಂದೆ ಹೋಗಿ ನಿಂತ ಮೇಲೆಯೇ ಮಾಳಿಂಗಪ್ಪ ಹೆಜ್ಜೆ ಎತ್ತಿದ್ದು.

"ಲೈನ್‌ಮನ್ ಸಾಹೇಬ್ರ," ಎಂದಳು ಪಕ್ಕದಲ್ಲಿದ್ದ ಶೇವಂತೆವ್ವ. ಮಾಳಿಂಗಪ್ಪನ ತಂಗಿ ಈಕೆ. ಹದಿನೆಂಟು ಸಲ ಶ್ರೀಶೈಲಕ್ಕೆ ನಡೆದವಳು, ನಾಲಗೆಗೆ ಒಂದು ದಿನವೂ ಬಿಡುವು ಕೊಟ್ಟವಳಲ್ಲ. "ನಮ್ಮ ಓಣ್ಯಾಗ ಕರೆಂಟ್ ಹೋದಾಗ ಹಿಂಗ ಲಗೂ ಲಗೂ ಬಂದಿದ್ರ ಎಷ್ಟ ಚಲೋ ಇತ್ರಿ!"

ಎರಡನೇ ದಿನ ದೇವರಹಿಪ್ಪರಗಿಯಿಂದ ಬೆಳಗಿನ ಐದಕ್ಕೇ ಬಿಟ್ಟರೂ, ಹತ್ತು ಗಂಟೆಗೆ ನೋಡಿದರೆ ಅಕ್ಕನ ಊರು ಇನ್ನೂ ಇನ್ನೂರು ಕಂಬ ದೂರವಿತ್ತು. ಬಸಂತರಾಯ ಫೋನು ಹಚ್ಚಿದ.

"ಅಕ್ಕಾ, ಈ ಸಲ ತಡ ಆಗ್ತೈತಿ. ನೀ ಉಂಡಬಿಡು."

"ನೀ ಎಲ್ಲಿ ಅದಿ?"

"ನಾ ಎಲ್ಲರೆ ಇರ್ಲಿ, ನೀ ಉಣ್ಣು. ಗುಳಿಗಿ ತಗೊಂಡಿ?"

"ತಗೊಂಡೇನಿ. ಬಾ ನೀ," ಎಂದು ಸಿದ್ದವ್ವ ಫೋನು ಇಟ್ಟಳು. ಗುಳಿಗೆ ನುಂಗಿ ಉಣ್ಣದೆ ಕುಳಿತರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಗುಂಪನ್ನು ಸೀಳಿಕೊಂಡು ಮಾಳಿಂಗಪ್ಪನ ಬೆನ್ನಿಗೆ ಹೋಗಿ ನಿಂತ.

"ಮಾಳಿಂಗಣ್ಣ, ಜರಾ ಕಾಲು ಎತ್ತಿ ಹಾಕ್ರಿ. ಅಲ್ಲಿ ನಮ್ಮಕ್ಕ ಉಪಾಸ ಕುಂತಾಳ."

"ನಾ ಏನ್ ಬೇಕಂತ ನಿಲ್ತೇನೇನೋ ಬಸಂತ್ರಾಯ?" ಎಂದ ಮಾಳಿಂಗಪ್ಪ ತಿರುಗದೆಯೇ. "ಹೊತ್ತಾಂವಗ ಗೊತ್ತು."

ದೊಡ್ಡಸ್ತಿಕೆ ನೋಡು, ಎಂದುಕೊಂಡ ಬಸಂತರಾಯ. ಒಂದು ಬಿದಿರು ಹೊರಲು ಏನು ಇಷ್ಟು ಬಿಗುಮಾನ? ಹನ್ನೊಂದು ಕೆ.ವಿ. ಲೈನಿನ ಸಾಮಾನು ಹೊತ್ತು ಹೊಲದ ಕೆಸರಿನಲ್ಲಿ ನಡೆದ ಹೆಗಲು ತನ್ನದು.

ಮಲ್ಲಯ್ಯ ಅವನ ಮಾತು ಕೇಳಿಸಿಕೊಂಡಂತೆ ಕಂಡಿತು. ಮುಂದಿನ ಊರಿನ ಹಣಮಪ್ಪನ ಗುಡಿ ಬರುವ ಹೊತ್ತಿಗೆ, ಹಿಂದಿನ ದಿನ ನಾಲ್ಕು ಮನೆಗಳಲ್ಲಿ ಉಂಡ ಮಾದಲಿ ಮಾಳಿಂಗಪ್ಪನ ಹೊಟ್ಟೆಯಲ್ಲಿ ತಿರುಗಿ ಬಿದ್ದಿತ್ತು. ಹಣೆಯ ಮೇಲೆ ಬೆವರು, ಮುಖದ ತುಂಬ ಅವಸರ. ಕಂಬಿ ಹೊತ್ತು ಬೇಲಿಯ ಹಿಂದೆ ಹೋಗುವಂತಿಲ್ಲ, ಕೆಳಗೆ ಇಡುವಂತಿಲ್ಲ.

"ಯಾರರೆ ಹೆಗಲು ಕೊಡ್ರಪಾ!"

ಆ ಮಾತು ಮುಗಿಯುವ ಮೊದಲೇ ಬಸಂತರಾಯ ಹೆಗಲು ಕೊಟ್ಟಿದ್ದ. ಮಾಳಿಂಗಪ್ಪ ತಂಬಿಗೆ ಹಿಡಿದು ಬೇಲಿಯ ಕಡೆ ಓಡಿದ. ಅಷ್ಟು ಬೇಗ ಅವನು ನಡೆದದ್ದನ್ನು ಯಾರೂ ಕಂಡಿರಲಿಲ್ಲ.

ಈಗ ಕಂಬಿಯೇ ತನ್ನ ಹೆಗಲ ಮೇಲೆ. ತನ್ನನ್ನು ಹಿಂದೆ ಎಳೆಯುವವರು ಯಾರು? ಅಕ್ಕನ ಊರಿನ ಗುಡಿಯವರೆಗೆ ನೂರಾ ಎಂಬತ್ತು ಕಂಬ, ಒಂದೂವರೆ ತಾಸು ಸಾಕು. ಬಸಂತರಾಯ ಲೈನ್‌ಮನ್ ಹೆಜ್ಜೆ ಹಾಕಿದ. ಹಿಂದಿನವರು ಓಡತೊಡಗಿದರು. ಮೂರು ಕಂಬದವರೆಗೆ ಅವನು ತನ್ನ ಜೀವನದಲ್ಲೇ ಇಷ್ಟು ಸುಖವಾಗಿ ನಡೆದಿರಲಿಲ್ಲ.

ನಾಲ್ಕನೆಯ ಕಂಬದ ಬುಡದಲ್ಲಿ ಒಬ್ಬ ಹೆಣ್ಣುಮಗಳು ಕೊಡ ಹಿಡಿದು ನಿಂತಿದ್ದಳು. "ನಿಲ್ರಿ ಮಲ್ಲಯ್ಯ," ಎಂದು ಕಾಲಿಗೆ ಕೊಡದ ನೀರು ಸುರಿದು, ಊದುಬತ್ತಿ ಬೆಳಗಿ, ಕಾಯಿ ಒಡೆದು, ಬಾಯಿಗೆ ಬೆಲ್ಲ ಕೊಬ್ಬರಿ ಹಾಕಿದಳು. ಕಂಬಿ ಹೊತ್ತಷ್ಟು ಹೊತ್ತು ಅವನೇ ಮಲ್ಲಯ್ಯ, ಬೇಡ ಅನ್ನುವಂತಿಲ್ಲ. ಮುಂದಿನ ತೋಟದ ಮನೆಯವರು ಇಬ್ಬರು ಮಕ್ಕಳನ್ನು ರಸ್ತೆಯ ಮೇಲೆ ಅಡ್ಡ ಮಲಗಿಸಿದರು. ಕಂಬಿ ಅವರನ್ನು ದಾಟಬೇಕು, ತುಳಿಯದಂತೆ ದಾಟಬೇಕು. ಅದರಾಚೆ ಪಾನಕ. ಅದರಾಚೆ ಬಾಳೆಹಣ್ಣು. ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಬಂದವನೊಬ್ಬ ಕಂಬಿಯನ್ನು ಇಂಜಿನ್ನಿಗೆ ಮುಟ್ಟಿಸಿ ಎಂದ. ಮುಟ್ಟಿಸಿದ ಮೇಲೆ ಟ್ರೇಲರಿಗೂ ಮುಟ್ಟಿಸಿ ಎಂದ.

ಒಬ್ಬನೇ ನಡೆಯುವಾಗ ಇದೇ ರಸ್ತೆಯಲ್ಲಿ ಅವನನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ.

"ತಾಯಿ, ಜರಾ ಲಗೂ ಮಾಡ್ರಿ, ನಮ್ಮಕ್ಕ ಅಲ್ಲಿ ಉಪಾಸ..." ಎಂದು ಅವನು ಬಾಯಿ ತೆರೆದರೆ ಆ ಬಾಯಿಗೆ ಶಿರಾ ಬಿತ್ತು.

ಅಷ್ಟರಲ್ಲಿ ಮಾಳಿಂಗಪ್ಪ ಹಗುರಾಗಿ, ಮುಖ ತೊಳೆದುಕೊಂಡು, ಆರಾಮಾಗಿ ಬಂದು ಗುಂಪು ಕೂಡಿದ. ಓಡುವ ಅಗತ್ಯವೂ ಅವನಿಗೆ ಬಿದ್ದಿರಲಿಲ್ಲ.

"ಬಸಂತ್ರಾಯ, ಜರಾ ಕಾಲು ಎತ್ತಿ ಹಾಕೋ!" ಎಂದ ಹಿಂದಿನಿಂದ.

"ಮಾಳಿಂಗಣ್ಣ, ನಿಮ್ಮ ಕಾಲ್ ಬೀಳ್ತೇನಿ, ಕಂಬಿ ತಗೋರಿ. ನಾ ಹೊಲದಾಗಿಂದ ಓಡತೇನಿ."

"ಗುಡಿ ಎಲ್ಲೈತಿ ಇಲ್ಲಿ? ಗುಡಿ ತೋರಿಸು, ತಗೋತೇನಿ."

ಸುತ್ತ ಕಬ್ಬು, ತೊಗರಿಕಟ್ಟಿಗೆಯ ಬಣವೆ. ಒಂದು ಕಲ್ಲಿಗೂ ಕುಂಕುಮ ಇರಲಿಲ್ಲ. ಹನ್ನೆರಡೂವರೆ ದಾಟಿತ್ತು. ಕಿಸೆಯಲ್ಲಿ ಫೋನು ಬಡಿದುಕೊಂಡಿತು, ಎರಡು ಕೈಯೂ ಕಂಬಿಯ ಮೇಲೆ. ಶೇವಂತೆವ್ವ ಫೋನು ತೆಗೆದು ಕಿವಿಗೆ ಹಚ್ಚಿಕೊಂಡು, "ಹೌದ್ರಿ... ಹಂಗಾದ್ರ ಬರ್ರಿ," ಎಂದಷ್ಟೇ ಹೇಳಿ ತನ್ನ ಸೊಂಟಕ್ಕೇ ಸಿಕ್ಕಿಸಿಕೊಂಡಳು.

"ಯಾರು? ಅಕ್ಕೇನು? ಏನಂದ್ಲು? ಆರಾಮ ಅದಾಳಿಲ್ಲೋ?"

"ಮುಂದ ನೋಡಿ ನಡೀರಿ. ಕಂಬಿ ವಾಲಾಕತ್ತೈತಿ."

ಕಾಲು ತಾಸಿನಲ್ಲಿ ಎದುರಿನಿಂದ ಒಂದು ಟಂಟಂ ಆಟೋ ಧೂಳೆಬ್ಬಿಸುತ್ತ ಬಂದು ನಿಂತಿತು. ನಡೆಸುತ್ತಿದ್ದವನು ಅಕ್ಕನ ನೆರೆಮನೆಯ ಖಲೀಲ. ಹಿಂದಿನಿಂದ ಸಿದ್ದವ್ವ ಒಂದು ಕೈಯಲ್ಲಿ ಬುತ್ತಿಯ ಗಂಟು, ಇನ್ನೊಂದರಲ್ಲಿ ತುಂಬಿದ ಕೊಡ ಹಿಡಿದು ಇಳಿದಳು. ಮುಖ ಬಿಳಿಚಿಕೊಂಡಿತ್ತು, ಕೊಡ ಹಿಡಿದ ಕೈ ನಡುಗುತ್ತಿತ್ತು.

"ಖಾಲಾ ಕೇಳವಲ್ರು, ನಾ ಏನ್ ಮಾಡ್ಲಿ?" ಎಂದ ಖಲೀಲ ಸಿದ್ದವ್ವನ ಕಡೆ ಕೈ ಮಾಡಿ, ಯಾರೂ ಕೇಳುವ ಮೊದಲೇ.

"ಅಕ್ಕಾ! ಬ್ಯಾಡ, ನೀರು ಬ್ಯಾಡ, ಮೊದಲ ಕುಂದ್ರು ನೀ!"

ಸಿದ್ದವ್ವ ತಮ್ಮನ ಮುಖ ನೋಡಲಿಲ್ಲ. ಕಾಲಿಗೆ ನೀರು ಹಾಕಿದಳು, ಬಗ್ಗಿ ಹಣೆ ಮುಟ್ಟಿಸಿದಳು. ಎತ್ತಿ ಆಡಿಸಿದವಳು ಕಾಲಿಗೆ ಬಿದ್ದಳಲ್ಲ ಎಂದು ಬಸಂತರಾಯ ಹಿಂದೆ ಸರಿಯಹೋದರೆ ಮಾಳಿಂಗಪ್ಪ ಬೆನ್ನಿಗೆ ಕೈ ಕೊಟ್ಟು ನಿಲ್ಲಿಸಿದ. ಸಿದ್ದವ್ವ ಎದ್ದು ಸೆರಗು ಸರಿಮಾಡಿಕೊಂಡಳು.

"ಅದು ದೇವರಿಗಾತು. ಈಗ ನೀ ಹೇಳು, ಹನ್ನೊಂದಕ್ಕ ಬರಾಂವಗ ಒಂದಾತು. ಕಾಲು ಬಿದ್ದಾವೇನು? ಉಂಡಿ ಇಲ್ಲೋ?"

ಹದಿನಾಲ್ಕು ಮನೆಯ ಬೆಲ್ಲ, ಶಿರಾ, ಬಾಳೆಹಣ್ಣು, ಪಾನಕ ಬಸಂತರಾಯನ ಗಂಟಲಿನವರೆಗೆ ಬಂದು ಕುಳಿತಿದ್ದವು. ಶೇವಂತೆವ್ವ ಬಾಯಿಗೆ ಸೆರಗು ಹಚ್ಚಿದಳು. ಬಸಂತರಾಯ ಅವಳನ್ನು ಸುಡುವಂತೆ ನೋಡಿ, "ಒಂದು ಹನಿ ನೀರೂ ಕುಡದಿಲ್ಲಕ್ಕಾ," ಎಂದ.

ಸಿದ್ದವ್ವ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ. ಕಂಬಿ ಹೊತ್ತು ನಿಂತವನ ಬಾಯಿಗೆ ತಾನೇ ತುತ್ತು ಇಟ್ಟಳು. ಅವನು ಕಣ್ಣು ಮುಚ್ಚಿ ನುಂಗಿದ. ಇನ್ನೊಂದು ಇಟ್ಟಳು. "ಈಗ ನೀ, ಈಗ ನೀ ಉಣ್ಣು," ಎಂದು ಅವನು ತುಂಬಿದ ಬಾಯಲ್ಲೇ ಒದರಿದ ಮೇಲೆ, ಟಂಟಂನ ಅಂಚಿಗೆ ಕುಳಿತು ರೊಟ್ಟಿ ಮುರಿದಳು. ಅವಳು ಅರ್ಧ ರೊಟ್ಟಿ ಮುಗಿಸಿ ನೀರು ಕುಡಿದು, ಕೈಯ ನಡುಕ ನಿಲ್ಲುವವರೆಗೆ ಬಸಂತರಾಯ ಅಲ್ಲಾಡಲಿಲ್ಲ. ಮಾಳಿಂಗಪ್ಪನೂ ರಸ್ತೆಯ ಬದಿಗೆ ಕುಳಿತು ಕಾದ.

"ಚಲೋ ಆತು ಬಿಡು," ಎಂದಳು ಸಿದ್ದವ್ವ, ಉಳಿದ ಒಂದೂವರೆ ರೊಟ್ಟಿ ಹಿಡಿದು ಎದ್ದು ಬರುತ್ತ. "ಒಬ್ಬನೇ ಬಂದ್ರ ಬೆಂಕಿ ಬಿದ್ದಾಂಗ ಬರ್ತಿ, ಉಂಡು ಕೈ ಆರೂದ್ರಾಗ ಹೋಗ್ತಿ. ಇನ್ನ ಮುಂದ ವರ್ಷಾ ಕಂಬಿ ಹೊತ್ತೇ ಬಾ. ನಾನೇ ಬುತ್ತಿ ತಗೊಂಡು ಎದುರ ಬರ್ತೇನಿ. ಸುನಂದಾಗೂ ಫೋನ್ ಮಾಡಿ ಹೇಳ್ತೇನಿ."

"ಅಕ್ಕಾ, ಅದು ಹಂಗಲ್ಲ, ಬರೋ ವರ್ಷ ನಾ..." ಎಂದು ಬಸಂತರಾಯ ಬಾಯಿ ತೆರೆದ. ಸಿದ್ದವ್ವ ಆ ಬಾಯಿಗೆ ತುತ್ತು ಇಟ್ಟಳು.