ರೆಕ್ಕೆಗೆ ಇಟ್ಟ ಗಂಧ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕರಾವಳಿಯ ಶಕ್ತಿನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟ ನಡೆದದ್ದು ಕಡಿಮೆ. ಅಲ್ಲಿ ನನ್ನ ಗ್ಲೈಡರ್ ಮಲಗಿರುತ್ತಿತ್ತು. ಎಂಜಿನ್ ಇಲ್ಲದ, ಹಗುರ ಮರದ ಮಾದರಿ ವಿಮಾನ. ದಾರ ಕಟ್ಟಿ ಓಡುತ್ತ ಮೇಲೇರಿಸಿ ಬಿಟ್ಟರೆ ತೇಲುತ್ತ ಇಳಿಯಬೇಕು. ಹೆಚ್ಚು ಹೊತ್ತು ತೇಲಿದ್ದಕ್ಕೆ ಗೆಲುವು. ಬೆಂಗಳೂರಿನ ಸ್ಪರ್ಧೆಗೆ ಹೊರಟ ಕಾಲೇಜು ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಅದು ನನಗೆ ಬೇಕೇ ಬೇಕಿತ್ತು.

ರೆಕ್ಕೆ ನುಣುಪಾದಷ್ಟೂ ಒಳ್ಳೆಯದೆಂದು ನಂಬಿದ್ದೆ. ಹಳೆಯ ಬಣ್ಣವನ್ನೆಲ್ಲ ಉಜ್ಜಿ ತೆಗೆದೆ. ಅಮ್ಮನ ಪೌಡರ್ ಡಬ್ಬಿ ಖಾಲಿ ಮಾಡಿ, ವಾರ್ನಿಷಿಗೆ ಕಲಸಿ, ಮರದ ಸಣ್ಣ ತೂತುಗಳನ್ನು ಮುಚ್ಚಿದೆ. ಬಳಿದೆ, ತಿಕ್ಕಿದೆ, ಮತ್ತೆ ಬಳಿದೆ. ನಮ್ಮೂರಿನ ತೇವಕ್ಕೆ ವಾರ್ನಿಷ್ ಒಣಗುವಾಗ ಬೆಳ್ಳಗೆ ಮಂಜು ಹಿಡಿಯುತ್ತಿತ್ತು. ಸಮುದ್ರಕ್ಕೇ ಬೈಯುತ್ತ ಮತ್ತೆ ತಿಕ್ಕಿದೆ. ಕೊನೆಗೆ ರೆಕ್ಕೆಯಲ್ಲಿ ಮುಖ ಕಾಣುವಂತಾಯಿತು. ಹಾರಿಸಿ ನೋಡಿದರೆ ಮೊದಲಿಗಿಂತ ಬೇಗ ಬಿತ್ತು. ಮತ್ತೆ ಹಾರಿಸಿದೆ, ಅದೇ ಕಥೆ. ಕೈಯಾರೆ ಹಾಳು ಮಾಡಿಕೊಂಡೆನಲ್ಲ ಎಂದು ಅಳು ಬಂತು.

ಆಯ್ಕೆ ಇದ್ದದ್ದು ಆಯುಧಪೂಜೆಯ ಮರುದಿನ. ಪೂಜೆಯ ಸಂಜೆ ಮನೆಗೆ ಬಂದು ನೋಡುತ್ತೇನೆ, ಅಪ್ಪನ ಸ್ಕೂಟರ್, ಹೊಲಿಗೆ ಮೆಷಿನ್, ತೆಂಗಿನಕಾಯಿ ಹೆರೆಯುವ ಮಣೆಯ ಜೊತೆಗೆ ಗ್ಲೈಡರಿಗೂ ಪೂಜೆ ಆಗಿದೆ. ಎರಡೂ ರೆಕ್ಕೆಗಳ ಮುಂದಿನ ಅಂಚಿನುದ್ದಕ್ಕೆ, ಹೊಸ್ತಿಲಿಗೆ ಇಟ್ಟ ಹಾಗೆ, ಸಾಲಾಗಿ ದಪ್ಪ ದಪ್ಪ ಗಂಧದ ಬೊಟ್ಟು.

“ಎಂತಮ್ಮ ಇದು? ಅಷ್ಟು ನೈಸ್ ಮಾಡಿದ್ದೆ ನಾನು.”

“ಎಂತ ಮಾರಾಯ್ತಿ, ಹಾರುವುದು ಅಂದ್ಮೇಲೆ ಅದೂ ವಾಹನವೇ ಅಲ್ವಾ? ಒರೆಸ್ಬೇಡ ಮತ್ತೆ.”

ಸಿಟ್ಟು ನೆತ್ತಿಗೇರಿತು. ಆದರೆ ಪೂಜೆಯ ಗಂಧ ಒರೆಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಬೆಳಿಗ್ಗೆ ಮೈದಾನದಲ್ಲಿ ಹುಡುಗರಿಗೆ ಹಬ್ಬ. “ಲಿಂಬೆಹಣ್ಣು ಇಡ್ಲಿಲ್ವಾ?” ಎಂದು ಒಬ್ಬ ಕೇಳಿದ. ನಾನು ಹಲ್ಲು ಕಚ್ಚಿ ದಾರ ಹಿಡಿದು ಓಡಿದೆ. ಗ್ಲೈಡರ್ ಮೇಲೇರಿ ದಾರ ಕಳಚಿತು. ಬಿದ್ದೇ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ತೆರೆದರೆ ಅದು ಇನ್ನೂ ಮೇಲೆಯೇ ಇತ್ತು, ಯಾವ ಅವಸರವೂ ಇಲ್ಲದೆ ಸುತ್ತು ಹಾಕುತ್ತಿತ್ತು. ಹುಡುಗರ ನಗು ನಿಂತಿತು. ಅದು ಹುಲ್ಲಿನ ಮೇಲೆ ಇಳಿಯುವ ಹೊತ್ತಿಗೆ ಜಾಗ ನನ್ನದಾಗಿತ್ತು. ಎಷ್ಟು ದಿನದಿಂದ ಬಿಗಿಹಿಡಿದಿದ್ದ ಉಸಿರೋ, ಅಲ್ಲೇ ಕೂತು ಬಿಟ್ಟೆ.

ತರಬೇತಿ ಕೊಡುತ್ತಿದ್ದ ಮೇಷ್ಟ್ರು ಒಣಗಿದ ಗಂಧವನ್ನು ಬೆರಳಿನಿಂದ ಸವರಿ ನೋಡಿದರು. “ಇಷ್ಟು ಸಣ್ಣ ರೆಕ್ಕೆ ತೀರಾ ನುಣುಪಾದ್ರೆ ಗಾಳಿ ಅರ್ಧದಲ್ಲೇ ಬಿಟ್ಟು ಹೋಗ್ತದೆ. ಮುಂದಿನ ಅಂಚು ಸ್ವಲ್ಪ ಒರಟು ಇದ್ರೆ ರೆಕ್ಕೆಗೆ ಅಂಟಿಕೊಂಡು ಹೋಗ್ತದೆ. ಇದನ್ನು ನಿನಗೆ ಯಾರು ಹೇಳಿದ್ದು?”

“ಅಮ್ಮ, ಸರ್.”

ಮನೆಯಲ್ಲಿ ಅಮ್ಮ ಗಾಳಿಯ ವಿಚಾರವನ್ನೆಲ್ಲ ಕೇಳಿ, “ಹೌದಾ” ಎಂದು ಮೀನು ಕೊಯ್ಯಲು ಕೂತಳು. ಬೆಂಗಳೂರಿಗೆ ಹೊರಡುವ ಮುನ್ನಾದಿನ ನಾನೇ ಗಂಧ ತೇಯ್ದೆ. ಬೊಟ್ಟು ಇಡಲು ಮಾತ್ರ ಅಮ್ಮನನ್ನು ಕರೆದೆ.