ಕ್ಯಾಲ್ಸಿಯಂ ತಂದಿದ್ದೇನೋ ನಿಜ

ಕೋಪ ಇಳಿಯುವ ಮೊದಲೇ ಬರೆದುಬಿಡುತ್ತೇನೆ, ಓದಿ ಗೆಳೆಯರೇ.

ಇವತ್ತು ತುಮಕೂರಿನಿಂದ ಹಾಗಲವಾಡಿಗೆ, ತಂಗಿ ಸುಮಳನ್ನು ನೋಡಲು ಹೋಗಿದ್ದೆ. ಬಾಣಂತನ ಮುಗಿಸಿಕೊಂಡು ಮಗುವಿನ ಜೊತೆ ಗಂಡನ ಮನೆಗೆ ಬಂದು ಇನ್ನೂ ತಿಂಗಳಾಗಿಲ್ಲ. ಸೊಂಟ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಮಗುವಿಗೆ ಹಾಲೂಡಿಸುವವರೆಗೂ ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬೇಡಿ, ಹಾಲು ಮೊಸರು ಚೆನ್ನಾಗಿ ಕೊಡಿ ಎಂದು ಗುಬ್ಬಿಯ ಡಾಕ್ಟರು ಅವಳ ಗಂಡ ಮಂಜನಿಗೆ ನನ್ನೆದುರೇ ಹೇಳಿದ್ದರು.

"ಕ್ಯಾಲ್ಸಿಯಂ ತಂದ್ಯೇನಪ್ಪ?" ಎಂದು ಕೇಳಿದೆ.

"ಓ, ನೆನ್ನೇನೇ ತಂದಿದೀನಿ ಕಣಕ್ಕ!" ಎಂದವನು ಒಳಗಿನಿಂದ ದೊಡ್ಡದೊಂದು ಕ್ಯಾನ್ ಹೊತ್ತು ತಂದು ಹೆಮ್ಮೆಯಿಂದ ಮುಂದಿಟ್ಟ. ಕ್ಯಾನಿನ ಮೇಲೆ ಹಸುವಿನ ಚಿತ್ರ!

"ನಮ್ ಗೌರಿ ಕರ ಹಾಕೈತಲ್ಲಕ್ಕ. ಕ್ಯಾಲ್ಸಿಯಂ ಕಮ್ಮಿ ಆದ್ರೆ ಹಸ ಮೇಲಕ್ಕೇ ಏಳಲ್ಲ."

"ಮತ್ತೆ ಸುಮಂಗೆ?"

ಉತ್ತರ ಕೊಟ್ಟಿದ್ದು ಅವನ ತಾಯಿ. "ಆ ಮಾತ್ರೆ ಹೀಟು ಕಣವ್ವ, ನಾನೇ ಬ್ಯಾಡ ಅಂದೆ. ಮೊಸ್ರು ತಿಂದ್ರೆ ಮಗೀಗೆ ಸೀತ ಆಗ್ತೈತೆ."

"ಹೋಗ್ಲಿ, ಒಂದ್ ಲೋಟ ಹಾಲಾದ್ರೂ ಕೊಡ್ತೀರೋ ಇಲ್ವೋ?"

"ಈಗ್ತಾನೆ ಎಲ್ಲಾ ಡೈರಿಗೆ ಹಾಕ್ಬುಟ್ಟೆ ಕಣಕ್ಕ," ಎಂದ ಮಂಜ, ಒಂಚೂರೂ ನಾಚಿಕೆಯಿಲ್ಲದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಂತೆ ಬೈದೆ. ನಾನು ಬೈಯುತ್ತಿರುವಾಗಲೇ ಸುಮ ಸೊಂಟ ಹಿಡಿದುಕೊಂಡು ಎದ್ದು, ಅದೇ ಕ್ಯಾನಿನಿಂದ ಕ್ಯಾಲ್ಸಿಯಂ ಬಗ್ಗಿಸಿಕೊಂಡು ಗೌರಿಗೆ ಕುಡಿಸಲು ಕೊಟ್ಟಿಗೆಗೆ ಹೋದಳು.

ಆ ಮನೆಯಲ್ಲಿ ಇಬ್ಬರೂ ಹಾಲು ಕೊಡುವವರೇ. ನನ್ನ ತಂಗಿಯ ಹಾಲು ಡೈರಿಗೆ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ.